ಏಳನೆಯ ಚೆಂಡು

“ಬಿಳಿ ಪರದೆಯ ತಲೆ ಮೇಲೆ ಹಳದಿ ಜಾಕೆಟ್ಟಿನ ಒಂದು ಗೂಬೆ ನಡ್ಕೊಂಡು ಹೋಗ್ತಿದೆ ನೋಡಿ! ಪಾಪ, ಶಾಲೇಲಿ ಆರರ ತನಕ ಎಣಿಸೋದು ಹೇಳ್ಕೊಟ್ಟಿಲ್ಲ ಅಂತ ಕಾಣುತ್ತೆ.”

ಮಾತು ಹೊರಟಿದ್ದು ಪಿಲ್ಲಿಂಗ್ ಮುದುಕನ ತೊಡೆಯ ಮೇಲಿದ್ದ ಫೋನಿನಿಂದ. ಆಡಿದವನು ಜೂಲಿಯನ್ ಫೆನ್, ರೇಡಿಯೋದಲ್ಲಿ ಕೌಂಟಿ ಎಂಬ ಜಿಲ್ಲಾ ತಂಡಗಳ ಪಂದ್ಯಗಳ ಕಾಮೆಂಟ್ರಿ ಹೇಳುವವನು. ಅವನು ಕೂತಿದ್ದದ್ದೂ ಇದೇ ಮೈದಾನದಲ್ಲೇ, ಎದುರು ಮಗ್ಗುಲಲ್ಲಿ ಕಬ್ಬಿಣದ ಕಂಬಗಳ ಮೇಲೆ ನಿಲ್ಲಿಸಿದ ತಗಡಿನ ಕೋಣೆಯಲ್ಲಿ. ಕೂಗಿದರೆ ಕೇಳಿಸುವಷ್ಟು ದೂರ. ಆದರೆ ಅವನ ಮಾತು ಅಲ್ಲಿಂದ ಹೊರಟು, ಎಲ್ಲೆಲ್ಲೋ ಸುತ್ತಾಡಿ, ಜನರ ಫೋನಿಗೆ ಬಂದು ಬೀಳಲು ಹೆಚ್ಚು ಕಡಿಮೆ ನಲವತ್ತು ಸೆಕೆಂಡು ಬೇಕು. ಆ ನಲವತ್ತು ಸೆಕೆಂಡಿನಲ್ಲಿ ಆಗಬಾರದ್ದು ಆಗಿಹೋಗಿತ್ತು. ಎಪ್ಪತ್ತೊಂದು ಹೊಡೆದು ಬಂಡೆಯ ಹಾಗೆ ನಿಂತಿದ್ದ ಕ್ಯಾಪ್ಟನ್ ಎಲ್ಲರ್ಬಿ ಕಾಲಿಗೆ ಚೆಂಡು ಬಡಿಸಿಕೊಂಡು ಔಟಾಗಿ, ಬ್ಯಾಟನ್ನು ಕಂಕುಳಲ್ಲಿ ಇರುಕಿಕೊಂಡು ಪೆವಿಲಿಯನ್ನಿನ ಕಡೆ ಹೊರಟಿದ್ದ.

ಪಿಲ್ಲಿಂಗ್ ಮೊದಲು ತಿರುಗಿದ. ಆಮೇಲೆ ಕಿವಿಗೆ ತಂತಿ ಸಿಕ್ಕಿಸಿಕೊಂಡಿದ್ದವರೆಲ್ಲ ಒಬ್ಬೊಬ್ಬರಾಗಿ ತಿರುಗಿದರು. ಫೋನು ಸ್ವಲ್ಪ ಮುಂದಿದ್ದವರು ಬೇಗ, ಹಿಂದಿದ್ದವರು ನಿಧಾನ. ಇಡೀ ಸ್ಟ್ಯಾಂಡು ಕಂತು ಕಂತಾಗಿ ಅವನನ್ನು ನೋಡಿತು. ಶೇನ್ ಓಲ್ಡ್‌ರಾಯ್ಡ್ ಹಳದಿ ಜಾಕೆಟ್ ತೊಟ್ಟು, ಮುಷ್ಟಿಯಲ್ಲಿ ಹುರುಳಿಕಾಳಿನಷ್ಟು ಸಣ್ಣ ಎರಡು ಬ್ಯಾಟರಿ ಹಿಡಿದುಕೊಂಡು, ಎರಡು ಸಾಲಿನ ನಡುವೆ ಕಂಬದ ಹಾಗೆ ನಿಂತಿದ್ದ.

“ನೀನಾ?” ಎಂದ ಪಿಲ್ಲಿಂಗ್. “ಬೇರೆ ಯಾರಾದ್ರೂ ಆಗಿದ್ರೆ ಗೊತ್ತಿಲ್ದೆ ಮಾಡಿದ್ರು ಅನ್ಬಹುದಿತ್ತು. ನೀನು ಮಾಡೋದಾ ಹುಡುಗಾ?”

ಬೈಗುಳಕ್ಕಿಂತ ಹೆಚ್ಚು ಚುಚ್ಚಿದ್ದು ಅದು.

ಬೌಲರ್ ಓಡಿಬರುವ ಕಡೆಯಲ್ಲಿ ಒಂದು ದೊಡ್ಡ ಬಿಳಿ ಪರದೆ ಇರುತ್ತದೆ. ಬ್ಯಾಟ್ಸ್‌ಮನ್‌ಗೆ ಚೆಂಡು ಸರಿಯಾಗಿ ಕಾಣಲಿ ಎಂದು. ಅದರ ಹಿಂದೆ ಮತ್ತು ಮೇಲೆ ಕೂತವರು ಓವರ್ ಮುಗಿಯುವ ತನಕ ಮಿಸುಕಾಡಬಾರದು. ಚಹಾ ತಣ್ಣಗಾಗಲಿ, ಮೂತ್ರ ಬರಲಿ, ಮನೆಯಿಂದ ಫೋನ್ ಬರಲಿ, ಆರು ಚೆಂಡು ಮುಗಿಯಬೇಕು. ಆ ನೇಮವನ್ನು ಈ ಸ್ಟ್ಯಾಂಡಿನಲ್ಲಿ ಶೇನ್‌ನಷ್ಟು ಕಟ್ಟುನಿಟ್ಟಾಗಿ ಕಾಯ್ದವರು ಇನ್ನೊಬ್ಬರಿರಲಿಲ್ಲ. ಹೋದ ವರ್ಷ ಓವರಿನ ನಡುವೆ ಎದ್ದ ಪಾದ್ರಿಯೊಬ್ಬನಿಗೆ “ಸ್ವರ್ಗಕ್ಕೆ ಆಮೇಲೆ ಹೋಗಿ, ಈಗ ಕೂತ್ಕೊಳಿ” ಎಂದು ಕೂಗಿದ್ದವನು ಇವನೇ.

ಆಗಿದ್ದಿಷ್ಟು. ಪಕ್ಕದಲ್ಲಿ ಕೂತಿದ್ದ ವಿನಿ ಬ್ಯಾರಕ್ಲಫ್ ಎಂಬ ಮುದುಕಿಯ ಕಿವಿಯಂತ್ರದ ಬ್ಯಾಟರಿ ತೀರಿತ್ತು. ವಿನಿಗೆ ಎಪ್ಪತ್ತೊಂಬತ್ತು. ಮೂವತ್ತು ವರ್ಷ ಊರಿನ ಬಸ್ಸಿನಲ್ಲಿ ಟಿಕೆಟ್ ಕೊಟ್ಟವಳು. ಕಣ್ಣಿಗೆ ಈಗ ಮೈದಾನವೆಂದರೆ ಹಸಿರು ಮಂಜು, ಅದರಲ್ಲಿ ಬಿಳಿ ಚುಕ್ಕಿಗಳು, ಅಷ್ಟೆ. ಆದರೂ ಬಿಟ್ಟವಳಲ್ಲ. ಅವಳಿಗೆ ಆಟ ಎರಡು ಸಲ ಸಿಗುತ್ತಿತ್ತು. ಮೊದಲು ಶೇನ್‌ನ ಬಾಯಿಂದ, ನಲವತ್ತು ಸೆಕೆಂಡಾದ ಮೇಲೆ ರೇಡಿಯೋದಿಂದ. “ನೀನು ಸುದ್ದಿ, ಅವ್ನು ಸಾಕ್ಷಿ” ಎನ್ನುತ್ತಿದ್ದಳು. ಕಿವಿಯಂತ್ರ ಸತ್ತರೆ ಎರಡೂ ಇಲ್ಲ. ಅವಳು ಯಾವತ್ತೂ ಬದಲಿ ಬ್ಯಾಟರಿ ತರುವುದಿಲ್ಲ ಎಂದು ಗೊತ್ತಿದ್ದೇ ಶೇನ್ ತನ್ನ ಚೀಲದಲ್ಲಿ ಒಂದು ಜೊತೆ ಇಟ್ಟುಕೊಂಡಿರುತ್ತಿದ್ದ. ಚೀಲ ಸಾಲಿನ ಆ ತುದಿಯ ಕಂಬಿಗೆ ನೇತಾಡುತ್ತಿತ್ತು. ನಡುವೆ ಬಿಳಿ ಪರದೆ.

ಒಂದು ಓವರ್ ಮುಗಿದಾಗ ಅತ್ತ ಹೋದ. ಬ್ಯಾಟರಿ ಹುಡುಕಿ ತೆಗೆಯುವಷ್ಟರಲ್ಲಿ ಮುಂದಿನ ಓವರ್ ಶುರುವಾಗಿತ್ತು. ಅಲ್ಲೇ ಕಂಬಿಗೊರಗಿ ಕಾದ. ಒಂದು, ಎರಡು, ಮೂರು ಎಂದು ತುಟಿ ಅಲ್ಲಾಡಿಸುತ್ತ ಎಣಿಸಿದ. ಆರಾಯಿತು. ಫೀಲ್ಡರೊಬ್ಬ ಟೋಪಿ ತೆಗೆದು ತಲೆ ಕೆರೆದುಕೊಂಡ. ಶೇನ್ ನಡೆದ. ಆದರೆ ಎರಡನೆಯ ಚೆಂಡು ಲೆಕ್ಕಕ್ಕೆ ಬಾರದ ನೋ ಬಾಲ್ ಆಗಿತ್ತು. ಅಂಪೈರ್ ಕೈ ಚಾಚಿದಾಗ ಇವನು ತಲೆ ತಗ್ಗಿಸಿ ಬ್ಯಾಟರಿಯ ಹಾಳೆ ಸುಲಿಯುತ್ತಿದ್ದ. ಓವರಿನಲ್ಲಿ ಇನ್ನೊಂದು ಚೆಂಡು ಬಾಕಿ ಇತ್ತು.

ಬೌಲರ್ ಓಡಿಬರುತ್ತಿದ್ದಾಗ ಎಲ್ಲರ್ಬಿ ಕೈ ಎತ್ತಿ ಪಕ್ಕಕ್ಕೆ ಸರಿದ. ಬ್ಯಾಟಿನಿಂದ ಮೇಲೆ ತೋರಿಸಿದ. ಶೇನ್ ಇದ್ದಲ್ಲೇ ಕಲ್ಲಾದ. ಬೌಲರ್ ಗೊಣಗುತ್ತ ವಾಪಸ್ ಹೋದ, ಮತ್ತೆ ಓಡಿಬಂದ, ಏಳನೆಯ ಚೆಂಡು ಹಾಕಿದ. ಔಟ್.

ದಿನ ಮುಗಿಯಲು ಹತ್ತೊಂಬತ್ತು ಓವರ್ ಬಾಕಿ. ಎಂಟು ವಿಕೆಟ್ ಬಿದ್ದಿದ್ದವು. ದಕ್ಷಿಣದಿಂದ ಬಂದ ಎದುರಾಳಿಗಳನ್ನು ಗೆಲ್ಲುವ ಮಾತು ಎಂದೋ ಮುಗಿದಿತ್ತು. ಇವತ್ತು ಡ್ರಾ ಮಾಡಿಕೊಂಡರೆ ಕೌಂಟಿ ತಂಡ ಮೇಲಿನ ದರ್ಜೆಯಲ್ಲಿ ಉಳಿಯುತ್ತದೆ, ಸೋತರೆ ಕೆಳಗಿನ ದರ್ಜೆಗೆ ಬೀಳುತ್ತದೆ. ಏಪ್ರಿಲ್‌ನ ಚಳಿಯಿಂದ ಸೆಪ್ಟೆಂಬರಿನ ಈ ಮೋಡದವರೆಗೆ ಆಡಿದ್ದೆಲ್ಲ ಈ ಎರಡು ವಿಕೆಟ್ಟಿನ ಮೇಲೆ ನಿಂತಿತ್ತು.

ಶೇನ್ ಬ್ಯಾಟರಿಗಳನ್ನು ವಿನಿಯ ಅಂಗೈಗೆ ಹಾಕಿದ. ಅವಳು ಅವನ್ನು ಕಿವಿಯಂತ್ರಕ್ಕೆ ತುರುಕಿ, ಅದನ್ನು ಕಿವಿಗೆ ಸಿಕ್ಕಿಸಿಕೊಂಡು, “ಏನಾಯ್ತು? ಜನ ಯಾಕೆ ಹೆಣ ನೋಡಿದ ಹಾಗೆ ಸುಮ್ನಾದ್ರು?” ಎಂದಳು.

“ಕ್ಯಾಪ್ಟನ್ ಔಟ್.”

“ಅಯ್ಯೋ! ಹೆಂಗೆ?”

“ನನ್ನಿಂದ,” ಎಂದ ಶೇನ್. ಚೀಲ ಬಿಟ್ಟು, ಮೆಟ್ಟಿಲಿಳಿದು ಹೊರಟೇಬಿಟ್ಟ. ಈ ಸಲ ಓವರ್ ಮುಗಿದಿದೆಯೆಂದು ಎರಡು ಸಲ ನೋಡಿಕೊಂಡು.

ಹಿಂದಿನಿಂದ ಯಾರೋ ಕೂಗಿದರು: “ಏಯ್ ಹಳದಿ ಜಾಕೆಟ್! ದಕ್ಷಿಣದೋರು ನಿಂಗೆಷ್ಟು ಕೊಟ್ರೋ?” ನಾಲ್ಕಾರು ಜನ ನಕ್ಕರು. ಸಿಟ್ಟಿನ ನಗೆ ಅದು.

ಅವನಿಗೆ ಥಟ್ಟನೆ ನೆನಪಾದವನು ನಾಯಿ ನಾರ್ಮನ್. ಶೇನ್ ಹುಟ್ಟುವ ಮುಂಚಿನ ಕತೆ ಅದು. ನಾರ್ಮನ್ ಎಂಬವನ ನಾಯಿ ಹಗ್ಗ ಬಿಡಿಸಿಕೊಂಡು ಮೈದಾನಕ್ಕೆ ನುಗ್ಗಿತಂತೆ, ಅದನ್ನು ನೋಡುತ್ತ ನಿಂತ ಬ್ಯಾಟ್ಸ್‌ಮನ್ ರನ್ ಔಟ್ ಆದನಂತೆ, ಕೌಂಟಿ ಮೂರು ರನ್ನಿನಿಂದ ಸೋತಿತಂತೆ. ನಾಯಿ ಸತ್ತು ಎಷ್ಟೋ ವರ್ಷವಾಗಿದೆ. ಸೋತ ಆ ಆಟಗಾರರ ಹೆಸರು ಅರ್ಧ ಜನಕ್ಕೆ ನೆನಪಿಲ್ಲ. ನಾರ್ಮನ್ ಮಾತ್ರ ಇವತ್ತಿಗೂ ನಾಯಿ ನಾರ್ಮನ್. ಅಂಗಡಿಯಲ್ಲಿ ಬ್ರೆಡ್ಡು ಕೊಳ್ಳುವಾಗಲೂ ನಾಯಿ ನಾರ್ಮನ್. ಅವನು ಈ ಗೇಟಿನೊಳಗೆ ಕಾಲಿಟ್ಟು ದಶಕಗಳೇ ಆದವು.

ಕೌಂಟಿ ಸೋತರೆ ತನಗೂ ಅದೇ ಗತಿ. ಶೇನ್‌ಗೆ ಅದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಹದಿನೈದಕ್ಕೆ ಶಾಲೆ ಬಿಟ್ಟು, ಎಂಟು ವರ್ಷದಿಂದ ಹೆದ್ದಾರಿ ಪಕ್ಕದ ಅಂಗಡಿಯಲ್ಲಿ ಜನರ ಕಾರಿಗೆ ಟಯರ್ ಹಾಕುವವನು ಅವನು. ಅಲ್ಲಿ ಯಾರೂ ಅವನ ಮುಖ ನೋಡಿ ಮಾತಾಡುವುದಿಲ್ಲ, ಚಕ್ರ ನೋಡಿ ಮಾತಾಡುತ್ತಾರೆ. ಈ ಮೈದಾನದಲ್ಲಿ ಮಾತ್ರ ಟೈ ಕಟ್ಟಿದ ಮುದುಕರು ತಿರುಗಿ, “ಶೇನ್, ಹೋದ ಸಲ ಇಲ್ಲಿ ಒಂಬತ್ತನೇ ವಿಕೆಟ್ಟಿಗೆ ನೂರು ಹೊಡ್ದಿದ್ದು ಯಾರಪ್ಪಾ?” ಎಂದು ಕೇಳುತ್ತಿದ್ದರು. ಅವನು ಹೇಳುತ್ತಿದ್ದ. ತಪ್ಪುತ್ತಿರಲಿಲ್ಲ. ಲೋಕದಲ್ಲಿ ಅವನಿಗೆಂದು ಇದ್ದ ಜಾಗ ಇದೊಂದೇ, ವಿನಿಯ ಎಡಗಡೆಯ ಹಸಿರು ಕುರ್ಚಿ. ಅದೂ ಈಗ ಹೋಗುವುದರಲ್ಲಿತ್ತು.

ಸ್ಟ್ಯಾಂಡಿನ ಬೆನ್ನಿಗೆ ಪಿಚ್ ಸಮ ಮಾಡುವ ರೋಲರ್ ನಿಲ್ಲಿಸುವ ತಗಡಿನ ಶೆಡ್ ಇದೆ. ಹುಲ್ಲಿನ, ಎಣ್ಣೆಯ ವಾಸನೆ. ಅಲ್ಲಿಂದ ಮೈದಾನದ ಒಂದು ತುಣುಕೂ ಕಾಣುವುದಿಲ್ಲ. ಶೇನ್‌ಗೆ ಬೇಕಾಗಿದ್ದದ್ದು ಅದೇ. ಹಳದಿ ಜಾಕೆಟ್ಟನ್ನು ಕಳಚಿ ಉಂಡೆ ಕಟ್ಟಿ ರೋಲರಿನ ಅಡಿಗೆ ಒದ್ದ. ಮನೆಗೆ ಹೋಗೋಣವೆಂದು ಗೇಟಿನವರೆಗೆ ಹೋದ. ಕಾಲು ಕೇಳಲಿಲ್ಲ. ವಾಪಸ್ ಬಂದು ಶೆಡ್ಡಿನ ಗೋಡೆಗೆ ಬೆನ್ನು ಕೊಟ್ಟು ಕೂತ. ಫೋನ್ ತೆಗೆದ. ಆಟ ಏನಾಗುತ್ತಿದೆ ಎಂದು ತಿಳಿಯಲು ಇದ್ದದ್ದು ಒಂದೇ ದಾರಿ. ತನ್ನನ್ನು ಗೂಬೆ ಎಂದವನ ಬಾಯಿ.

ಹಲ್ಲು ಕಚ್ಚಿಕೊಂಡು ಒತ್ತಿದ.

“...ಏಕಾಗ್ರತೆ ಅನ್ನೋದು ಗಾಜಿನ ಲೋಟ ಇದ್ದ ಹಾಗೆ,” ಎನ್ನುತ್ತಿದ್ದ ಜೂಲಿಯನ್, ಬಾಯಲ್ಲಿ ಬೆಣ್ಣೆ ಇಟ್ಟುಕೊಂಡವನ ಹಾಗೆ. “ಒಬ್ಬ ದಡ್ಡ ಮೊಣಕೈ ತಾಗಿಸಿದ್ರೆ ಸಾಕು.”

“ಗಾಜಿನ ಲೋಟ ನಿನ್ ತಲೆ ಮೇಲೆ ಹಾಕ,” ಎಂದ ಶೇನ್ ಫೋನಿಗೆ. “ಬಿಸಿಬಿಸಿ ಪೈ ತಿನ್ಕೊಂಡು ಮೇಲೆ ಕೂತ್ಕೊಂಡು ಮಾತಾಡ್ತೀಯಾ! ಬಾ, ಕೆಳಗೆ ಬಾ, ನಿಂಗೆ ಎಣಿಸೋದು ನಾನು ಹೇಳ್ಕೊಡ್ತೀನಿ. ಹಲ್ಲಿಂದ ಶುರು ಮಾಡೋಣ.”

ಹೀಗೆ ಉತ್ತರಗಳು ಹುಟ್ಟತೊಡಗಿದವು. ಒಂದಕ್ಕಿಂತ ಒಂದು ಚೂಪು. ಪಂದ್ಯ ಮುಗಿದ ಮೇಲೆ ಆ ಕಬ್ಬಿಣದ ಮೆಟ್ಟಿಲ ಬುಡದಲ್ಲಿ ನಿಂತು, ಎಲ್ಲರ ಮುಂದೆ ಅವನಿಗೆ ಹೇಳಿಯೇ ಸೈ ಎಂದು ಶೇನ್ ತೀರ್ಮಾನಿಸಿದ. ಹೇಗೂ ಇನ್ನು ಇಲ್ಲಿಗೆ ಬರುವುದಿಲ್ಲ. ಹೋಗುವ ಮುಂಚೆ ಹೇಳಿಯೇ ಹೋಗುವುದು.

ಆದರೆ ಗೋಡೆಯಾಚೆಯಿಂದ ಸದ್ದು ಬರುತ್ತಿತ್ತು. ಅದು ನಲವತ್ತು ಸೆಕೆಂಡು ಮುಂದೆ. ಮೊದಲು ಸದ್ದು, ಆಮೇಲೆ ಅರ್ಥ. ಚಪ್ಪಾಳೆ ಬಂದರೆ, ಸದ್ಯ ಬದುಕಿದರು ಎಂದು ಉಸಿರು ಬಿಡುವುದು. “ಓಹ್” ಬಂದರೆ ಉಸಿರು ಹಿಡಿದು ಕಾಯುವುದು. ಜೂಲಿಯನ್ ಇನ್ನೂ ಹಿಂದಿನ ಚೆಂಡನ್ನು ವರ್ಣಿಸುತ್ತ, ಆಕಾಶದ ಪಾರಿವಾಳದ ಬಗ್ಗೆ ಒಂದು ಮಾತು ಸೇರಿಸಿ, ಕೆಮ್ಮಿ, ಆಮೇಲೆ ಹೇಳುವನು. ಇಷ್ಟು ವರ್ಷ ವಿನಿ ಹೀಗೆ ಕೂತಿರಲಿಲ್ಲ, ಅವಳಿಗೆ ತಾನಿದ್ದ ಎಂದು ಶೇನ್‌ಗೆ ಹೊಳೆಯಿತು. ಕೂಡಲೇ, ಈಗ ಅವಳಿಗೆ ಯಾರು ಹೇಳುತ್ತಿದ್ದಾರೆ ಎಂದು ಕೇಳಿಕೊಂಡ.

ಒಂಬತ್ತು ಓವರ್ ಬಾಕಿ ಇರುವಾಗ ಗೋಡೆಯಾಚೆ ಒಂದು ಕೂಗು ಎದ್ದಿತು. ಅದರ ಹಿಂದೆ ತಮ್ಮ ಸ್ಟ್ಯಾಂಡಿನಿಂದ ಏನೂ ಇಲ್ಲ. ಚಪ್ಪಾಳೆಯಿಲ್ಲ, ಮಾತಿಲ್ಲ. ಶೇನ್‌ಗೆ ಜೂಲಿಯನ್ ಬೇಕಾಗಲಿಲ್ಲ. ಒಂಬತ್ತನೆಯದು ಹೋಯಿತು.

ಕೊನೆಯವನಾಗಿ ಬಂದವನು ಅಶ್ರಫ್. ಹತ್ತೊಂಬತ್ತರ ವೇಗದ ಬೌಲರ್. ಬ್ಯಾಟು ಹಿಡಿದರೆ ಕಸಬರಿಗೆ ಹಿಡಿದ ಹಾಗೆ. ಹೋದ ತಿಂಗಳು ಅವನ ಕಾರು ಪಂಕ್ಚರಾಗಿ ಅಂಗಡಿಗೆ ಬಂದಿದ್ದಾಗ ಶೇನ್ ಜಾಕ್ ಎತ್ತುತ್ತ, “ಬ್ರದರ್, ಬ್ಯಾಟು ನೆಟ್ಟಗೆ ಇಟ್ಕೋ, ಅಷ್ಟು ಸಾಕು, ದೇವ್ರಾಣೆ ಅಷ್ಟೇ ಸಾಕು” ಎಂದಿದ್ದ. ಅಶ್ರಫ್ ನಕ್ಕು, “ಎಲ್ರೂ ಅದನ್ನೇ ಹೇಳ್ತಾರೆ, ಬ್ಯಾಟಿಗೆ ಮಾತ್ರ ಕೇಳ್ಸಲ್ಲ” ಎಂದಿದ್ದ. ಇನ್ನು ಐವತ್ತನಾಲ್ಕು ಚೆಂಡು. ಆ ಕಡೆ ಬ್ಯಾಟು ಹಿಡಿದು ನಿಂತ ಕೌಂಟಿಯ ವಿಕೆಟ್ ಕೀಪರ್, ಈ ಕಡೆ ಕಸಬರಿಗೆ.

ಐದು ಓವರ್ ಉಳಿದಿದ್ದಾಗ ಶೆಡ್ಡಿನ ಮೂಲೆಯಲ್ಲಿ ಊರುಗೋಲಿನ ಟಕ್ ಟಕ್ ಕೇಳಿಸಿತು.

“ಹುಡುಗಾ, ಇಲ್ಲಿದ್ದೀಯಾ? ಎಣ್ಣೆ ವಾಸ್ನೆ ಬರ್ತಿದೆ, ನೀನೋ ರೋಲರ್ರೋ ಗೊತ್ತಾಗ್ತಿಲ್ಲ.”

“ವಿನಿ! ನೀವ್ಯಾಕೆ ಬಂದ್ರಿ? ಮೆಟ್ಟಿಲು ಹೆಂಗಿಳಿದ್ರಿ?”

“ಒಂದು ಓವರಿಗೆ ನಾಲ್ಕು ಮೆಟ್ಟಿಲು. ಓವರ್ ಮುಗಿದ್ಮೇಲೆ ಮಾತ್ರ.” ತಡವರಿಸುತ್ತ ಬಂದು ಅವನ ಪಕ್ಕ ಮಗುಚಿ ಹಾಕಿದ್ದ ಬಕೆಟ್ಟಿನ ಮೇಲೆ ಕೂತಳು. “ಪಿಲ್ಲಿಂಗ್ ಹೇಳ್ತೀನಿ ಅಂದ. ಅವ್ನು ಹೇಳೋದ್ರಲ್ಲಿ ಆಟಾನೇ ಇರಲ್ಲ. ಅವನ ಮಂಡಿನೋವು, ಮಳೆ, ಮಂಡಿನೋವು. ‘ನೀನೇ ಗೊಣಗಿಕೋ’ ಅಂತ ಎದ್ದುಬಂದೆ. ಬೇಕಾದ್ರೆ ನನ್ನ ಬೈಯಿ ಅಂತ್ಲೂ ಹೇಳ್ದೆ. ಬ್ಯಾಟರಿ ಬ್ಯಾಟರಿ ಅಂತ ಬಾಯಿ ಬಡ್ಕೊಂಡಿದ್ದು ನಾನಲ್ವಾ?”

“ಎದ್ದು ನಡೆದಿದ್ದು ನಾನು.”

“ಸರಿ, ಇಬ್ರೂ ಸೇರಿ ಮುಳುಗಿಸಿದ್ವಿ ಅನ್ಕೋ. ನಾಯಿ ನಾರ್ಮನ್‌ಗೆ ಜೊತೆ ಆಯ್ತು. ಜೋರು ಮಾಡು ಅದನ್ನ.”

ಶೇನ್ ಫೋನನ್ನು ಅವಳ ಕಿವಿಯ ಬಳಿ ಹಿಡಿದ. ಇಬ್ಬರೂ ಗೋಡೆ ನೋಡುತ್ತ ಕೂತರು. ಇಬ್ಬರೂ ನಲವತ್ತು ಸೆಕೆಂಡು ಹಿಂದೆ.

ಓವರುಗಳ ನಡುವೆ ಜೂಲಿಯನ್ ಮತ್ತೆ ಅದೇ ರಾಗ ಎಳೆದ. ಇವತ್ತು ಕೌಂಟಿ ಕೆಳಗಿಳಿದರೆ ಜನ ಬಹಳ ಕಾಲ ಆ ಹಳದಿ ಜಾಕೆಟ್ಟನ್ನು ನೆನೆಸಿಕೊಳ್ಳುತ್ತಾರೆ ಎಂದ. ಅವನ ಪಕ್ಕದಲ್ಲಿ ಕೂತು ಆಟದ ಒಳಮರ್ಮ ಹೇಳುವವಳು ಮೋ ಡಗ್ಡೇಲ್. ಹೆಂಗಸರ ತಂಡದಲ್ಲಿ ಹದಿನಾರು ವರ್ಷ ಬೌಲ್ ಮಾಡಿದವಳು. ಈ ತನಕ ಅದರ ಬಗ್ಗೆ ಅವಳು ಬಾಯಿ ಬಿಟ್ಟಿರಲಿಲ್ಲ.

“ಜೂಲಿಯನ್, ಸಾಕು ಬಿಡಪ್ಪಾ,” ಎಂದಳು ಈಗ. “ಆ ಓವರಲ್ಲಿ ನೋ ಬಾಲ್ ಇತ್ತು. ಆ ಹುಡ್ಗ ಎಣಿಸಿದ್ದಾನೆ, ಅದಕ್ಕೇ ಆರಾದ್ಮೇಲೆ ಎದ್ದಿದ್ದಾನೆ. ಎಣಿಸದೇ ಇರೋನು ಮೂರನೇ ಚೆಂಡಿಗೇ ಎದ್ದಿರ್ತಿದ್ದ.”

“ಆದ್ರೂ ಮೋ, ಆರಾದ್ಮೇಲೆ...”

“ಆರಾದ್ಮೇಲೆ ನೀನೇನಂದೆ? ‘ಓವರ್ ಮುಗೀತು, ಎಲ್ಲರ್ಬಿ ಎಪ್ಪತ್ತೊಂದು’ ಅಂತ ಮೈಕಲ್ಲಿ ಹೇಳ್ಬಿಟ್ಟು, ಬೌಲರ್ ವಾಪಸ್ ಹೋಗ್ತಿರೋದು ನೋಡಿ ನಾಲಿಗೆ ಕಚ್ಕೊಂಡೆ. ನಿನ್ನ ಶಾಲೆ ದೊಡ್ಡದು ಅಂತ ಕೇಳಿದ್ದೆ. ಅಲ್ಲೂ ಆರರ ತನಕಾನೇನಾ? ಇನ್ನು ಎಲ್ಲರ್ಬಿ... ನೇರ ಬಂದ ಚೆಂಡನ್ನ ಅಡ್ಡ ಬ್ಯಾಟಲ್ಲಿ ಹೊಡೆಯೋಕೆ ಹೋದ. ಅದನ್ನ ನಮ್ಮಜ್ಜಿನೂ ತಡೀತಿದ್ಲು.”

ಆಮೇಲೆ ಜೂಲಿಯನ್ ಕೆಮ್ಮಿ, ದಕ್ಷಿಣದವರು ಫೀಲ್ಡಿಂಗ್ ಬದಲಾಯಿಸುತ್ತಿದ್ದಾರೆ ಎಂದ.

ವಿನಿ ಬಕೆಟ್ಟಿನ ಮೇಲೆ ಕುಲುಕಿ ಕುಲುಕಿ ನಕ್ಕಳು. “ಕೇಳಿದ್ಯಾ? ಕೇಳಿದ್ಯೇನೋ? ಮೈಕಲ್ಲೇ ಹೇಳ್ಬಿಟ್ಟಿದಾನೆ!”

ಶೇನ್‌ನ ಎದೆಯ ಮೇಲಿನ ಚಪ್ಪಡಿ ಒಂದು ಬೆರಳಿನಷ್ಟು ಸರಿಯಿತು. ಅಷ್ಟೆ. ಯಾಕೆಂದರೆ ಮೋ ಹೇಳಿದ್ದನ್ನು ಎಷ್ಟು ಜನ ಕೇಳಿಸಿಕೊಂಡರೋ, ಕೇಳಿಸಿಕೊಂಡವರಿಗೆ ಎಷ್ಟು ದಿನ ನೆನಪಿರುತ್ತದೋ. ನಾರ್ಮನ್‌ನ ನಾಯಿಯದೂ ತಪ್ಪಿರಲಿಲ್ಲ, ಹಗ್ಗ ಹಳೆಯದಾಗಿತ್ತಂತೆ. ಹಗ್ಗದ ಮಾತು ಯಾರು ಆಡುತ್ತಾರೆ? ಕೌಂಟಿ ಉಳಿದರೆ ತಾನು ಉಳಿದ. ಬೇರೆ ದಾರಿಯಿಲ್ಲ. ಆದರೂ ಒಂದು ಒಳ್ಳೆಯದಾಯಿತು. ಇಷ್ಟು ಹೊತ್ತು ಹೊಸೆದ ಬೈಗುಳಗಳನ್ನೆಲ್ಲ ಎಸೆದು ಅವನು ಒಂದೇ ಒಂದು ಉತ್ತರ ಇಟ್ಟುಕೊಂಡ. ‘ನೀವೂ ಆರೇ ಎಣಿಸಿದ್ರಂತಲ್ಲ ಸಾರ್.’ ಅಷ್ಟು ಸಾಕು. ಮೆಟ್ಟಿಲ ಬುಡದಲ್ಲಿ, ಎಲ್ಲರ ಮುಂದೆ. ಅದನ್ನು ನಾಲಿಗೆಯ ತುದಿಯಲ್ಲಿಟ್ಟು ಎರಡು ಮೂರು ಸಲ ರುಚಿ ನೋಡಿದ.

ಮೂರು ಓವರ್. ಅಶ್ರಫ್‌ನ ಬ್ಯಾಟಿನ ಅಂಚಿಗೆ ತಾಗಿದ ಚೆಂಡು ಫೀಲ್ಡರನ ಮುಂದೆ ಗೇಣುದ್ದದಲ್ಲಿ ಬಿತ್ತು. ಎರಡು ಓವರ್. ಕೀಪರನ ಬೆರಳಿಗೆ ಪೆಟ್ಟಾಗಿ ಆಟ ನಿಂತಿತು, ಮತ್ತೆ ಶುರುವಾಯಿತು. ವಿನಿ ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿದಳು. ಇಬ್ಬರೂ ಕುಡಿಯಲಿಲ್ಲ. ಕೊನೆಯ ಓವರಿನ ಆರೂ ಚೆಂಡು ಅಶ್ರಫ್‌ನ ಪಾಲಿಗೆ ಬಂದವು.

“ಐದು ಮುಗೀತು,” ಎಂದ ಜೂಲಿಯನ್. ಅವನ ದನಿಯ ಬೆಣ್ಣೆ ಎಲ್ಲೋ ಕರಗಿಹೋಗಿತ್ತು. “ಐದು. ಎಣಿಸಿದ್ದೀನಿ. ಇನ್ನೊಂದು. ಇನ್ನೊಂದೇ ಒಂದು. ಒಂಬತ್ತು ಜನ ಫೀಲ್ಡರು ಬ್ಯಾಟ್ ಸುತ್ತ ಕೂತಿದ್ದಾರೆ. ಅಶ್ರಫ್ ಕೈಗವಸು ಬಿಗಿ ಮಾಡ್ಕೊಳ್ತಾ ಇದಾನೆ...”

ಅವನು ಗವಸಿನ ಮಾತಾಡುತ್ತಿರುವಾಗಲೇ ಗೋಡೆಯಾಚೆ ಆ ಚೆಂಡು ಮುಗಿದುಹೋಯಿತು. ಮೊದಲು ಹನ್ನೊಂದು ಗಂಟಲುಗಳ ಒಂದು ಕಿರುಚಾಟ, ಔಟ್ ಕೇಳುವ ಕಿರುಚಾಟ. ಆಮೇಲೆ ಅದರ ಮೇಲೆ ಮುಗಿಬಿದ್ದ ಒಂದು ಮಹಾ ಗದ್ದಲ. ಶೆಡ್ಡಿನ ತಗಡು ನಡುಗಿತು. ಶೇನ್ ಎದ್ದು ನಿಂತ.

“ಯಾರದು?” ಎಂದಳು ವಿನಿ. “ನಮ್ದಾ, ಅವರದ್ದಾ?”

“ಗೊತ್ತಾಗ್ತಿಲ್ಲ.” ದಕ್ಷಿಣದವರು ಎರಡು ಬಸ್ಸು ತುಂಬ ಬಂದಿದ್ದರು. ಬೆಳಗ್ಗೆಯಿಂದ ಅವರ ಗಂಟಲೇ ಗಂಟಲು.

“ಹೋಗಿ ನೋಡು.”

“ಆಗಲ್ಲ ವಿನಿ.” ಶೇನ್ ಗೋಡೆಗೆ ಒರಗಿದ. “ನಂಗಾಗಲ್ಲ.”

“ಹಂಗಾದ್ರೆ ಕೂತ್ಕೋ. ಎಣಿಸು. ನಲವತ್ತು ತಾನೇ? ಎಣಿಸು, ನಾನೂ ಎಣಿಸ್ತೀನಿ.”

ಅವನು ಎಣಿಸಿದ. ಹತ್ತಾಯಿತು. ಫೋನಿನಲ್ಲಿ ಅಶ್ರಫ್ ಇನ್ನೂ ಗವಸು ಕಟ್ಟುತ್ತಿದ್ದ. ಹದಿನೆಂಟಕ್ಕೆ ಬೌಲರ್ ಚೆಂಡನ್ನು ಪ್ಯಾಂಟಿಗೆ ಉಜ್ಜಿದ. ಇಪ್ಪತ್ತೈದಕ್ಕೆ ಜೂಲಿಯನ್, “ನಾನು ನೋಡೋಕಾಗ್ತಿಲ್ಲ, ಆದ್ರೆ ನೋಡ್ಲೇಬೇಕು, ಅದೇ ನನ್ನ ಕೆಲ್ಸ” ಎಂದ. ವಿನಿಯ ಉಗುರು ಶೇನ್‌ನ ಮಣಿಕಟ್ಟಿಗೆ ನೆಟ್ಟಿತ್ತು. ಮೂವತ್ತು. ಗೋಡೆಯಾಚೆ ಗದ್ದಲ ಇನ್ನೂ ಏರುತ್ತಿತ್ತು, ಯಾರೋ ಓಡುತ್ತಿದ್ದರು, ಯಾರೋ ಯಾರನ್ನೋ ಹೆಸರು ಹಿಡಿದು ಕೂಗುತ್ತಿದ್ದರು. ಮೂವತ್ತೈದು.

“ಓಡಿಬಂದ. ಹಾಕಿದ. ಕಾಲಿಗೆ ತಾಗಿತು! ಅಪೀಲು! ಅಂಪೈರ್...”

ಆಮೇಲೆ ಜೂಲಿಯನ್ ಇಲ್ಲ. ಫೋನಿನ ತುಂಬ ಬರೀ ಗದ್ದಲ. ಕುರ್ಚಿಯೊಂದು ಬಿದ್ದ ಸದ್ದು. ಗದ್ದಲವನ್ನು ಸೀಳಿಕೊಂಡು ಮೋ ಅರಚಿದಳು: “ಹೇಳು ಜೂಲಿಯನ್! ಜನ ಕಾಯ್ತಿದಾರೆ, ಹೇಳೋ!”

“ನಾಟ್ ಔಟ್,” ಎಂದ ಜೂಲಿಯನ್. ಅದು ರೇಡಿಯೋದ ದನಿಯಾಗಿರಲಿಲ್ಲ. ಅಳು ತಡೆದುಕೊಂಡ ಯಾವುದೋ ಮನೆಯ ಯಾವನೋ ಗಂಡಸಿನ ದನಿ. “ಬ್ಯಾಟಿಗೆ ಮೊದಲು ತಾಗಿದೆ. ಬ್ಯಾಟು ನೆಟ್ಟಗಿತ್ತು. ನಾಟ್ ಔಟ್. ಉಳಿದ್ಕೊಂಡ್ವಿ. ದೇವ್ರೇ, ಉಳಿದ್ಕೊಂಡ್ವಿ.”

ಶೇನ್ ಗೋಡೆಗೆ ಹಣೆ ಹಚ್ಚಿ ನಿಂತ. ತಗಡು ತಣ್ಣಗಿತ್ತು. ನಗು ಬಂತೋ ಅಳು ಬಂತೋ ಅವನಿಗೇ ತಿಳಿಯಲಿಲ್ಲ. ಹಿಂದೆ ವಿನಿ ಊರುಗೋಲಿನಿಂದ ಬಕೆಟ್ಟನ್ನು ಡಬಡಬ ಬಾರಿಸುತ್ತಿದ್ದಳು. “ಬ್ಯಾಟು ನೆಟ್ಟಗಿತ್ತಂತೆ! ಕೇಳ್ಸಿತೋ? ಆ ಕಸಬರಿಗೆ ನೆಟ್ಟಗಿತ್ತಂತೆ!”

“ಕೇಳ್ಸಿತು ವಿನಿ,” ಎಂದ ಶೇನ್. “ಟಯರ್ ಹಾಕುವಾಗ ನಾನೇ ಹೇಳಿದ್ದೆ ಅವ್ನಿಗೆ.”

“ಸುಮ್ನಿರೋ, ಈಗ ಶುರು ಮಾಡ್ಬೇಡ.”

ಆರಿಹೋಗಿದ್ದ ಚಹಾವನ್ನು ಇಬ್ಬರೂ ಹಂಚಿಕೊಂಡು ಕುಡಿದರು. ಅಷ್ಟು ರುಚಿಯಾದ ಚಹಾ ಅವನು ಕುಡಿದಿರಲಿಲ್ಲ. ರೋಲರಿನ ಅಡಿಯಿಂದ ಜಾಕೆಟ್ ಎಳೆದು, ಹುಲ್ಲು ಕೊಡವಿ ಹಾಕಿಕೊಂಡ. ಬೆನ್ನಿಗೆ ಒಂದು ಎಣ್ಣೆಯ ಕಲೆ ಅಂಟಿತ್ತು.

ಚೀಲ ತರಲು ಸ್ಟ್ಯಾಂಡಿಗೆ ಹೋದಾಗ ಪಿಲ್ಲಿಂಗ್ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಕೊಡುತ್ತ, ಮೈದಾನದ ಕಡೆ ನೋಡುತ್ತಲೇ, “ಕೊನೇ ವಿಕೆಟ್ಟಿಗೆ ಇಷ್ಟು ಹೊತ್ತು ನಿಂತಿದ್ದು ಇದಕ್ಕೆ ಮುಂಚೆ ಯಾವಾಗಪ್ಪಾ?” ಎಂದ. ಶೇನ್ ವರ್ಷ ಹೇಳಿದ. ಜೋಡಿಯ ಹೆಸರೂ ಹೇಳಿದ. ಪಿಲ್ಲಿಂಗ್ ತಲೆಯಾಡಿಸಿದ. ಅಷ್ಟಕ್ಕೆ ಮುಗಿಯಿತು. ಹಸಿರು ಕುರ್ಚಿ ಇದ್ದಲ್ಲೇ ಇತ್ತು.

ಗೇಟಿಗೆ ಹೋಗುವ ದಾರಿ ಕಾಮೆಂಟ್ರಿ ಕೋಣೆಯ ಬುಡದಲ್ಲೇ. ಅಲ್ಲಿ ಮೂವತ್ತು ನಲವತ್ತು ಜನ ಸೇರಿದ್ದರು. ಜೂಲಿಯನ್ ಫೆನ್ ಕಬ್ಬಿಣದ ಮೆಟ್ಟಿಲಿಳಿದು ಬಂದ. ತಿಳಿ ಬಣ್ಣದ ಕೋಟು, ಕೌಂಟಿಯ ಟೈ. ಕೈ ಕುಲುಕುತ್ತ ಬಂದವನ ಕಣ್ಣು ಹಳದಿ ಜಾಕೆಟ್ಟಿನ ಮೇಲೆ ನಿಂತಿತು.

“ಓಹೋ! ಸಾಹೇಬರು ಇನ್ನೂ ಇಲ್ಲೇ ಇದಾರೆ!” ಎಂದ, ಎಲ್ಲರಿಗೂ ಕೇಳುವ ಹಾಗೆ. “ಇವತ್ತು ಬಚಾವಾದೆ ಕಣಯ್ಯಾ. ಚಳಿಗಾಲ ಪೂರ್ತಿ ಇದೆ, ಏಳರ ತನಕ ಕಲ್ತುಕೊಂಡು ಬಾ.”

ಜನ ನಕ್ಕರು. ಈ ಸಲ ನಗೆಯಲ್ಲಿ ಸಿಟ್ಟಿರಲಿಲ್ಲ. ನಕ್ಕು, ಶೇನ್ ಏನು ಹೇಳುತ್ತಾನೆಂದು ತಿರುಗಿದರು. ಮೆಟ್ಟಿಲ ಮೇಲೆ ಮೋ ಡಗ್ಡೇಲ್ ನಿಂತು, ಹೇಳು, ಹೇಳು ಎನ್ನುವಂತೆ ಹುಬ್ಬು ಹಾರಿಸಿದಳು. ವಿನಿ ಅವನ ಪಕ್ಕೆಗೆ ಮೊಣಕೈಯಿಂದ ತಿವಿದಳು.

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ನಾಲ್ಕು ಪದ, ಹೆಚ್ಚಲ್ಲ, ಕಡಿಮೆಯಲ್ಲ, ಹದವಾಗಿ ಮಸೆದಿಟ್ಟದ್ದು. ಶೇನ್ ಜೂಲಿಯನ್‌ನನ್ನು ನೋಡಿದ. ದನಿ ಒಡೆದಿತ್ತು, ಕಪ್ಪೆಯ ಹಾಗೆ. ಕಣ್ಣಂಚು ಇನ್ನೂ ಕೆಂಪಾಗಿತ್ತು. ಟೈಯ ಮೇಲೆ ಚಹಾ ಚೆಲ್ಲಿತ್ತು.

ಶೇನ್ ಜಾಕೆಟ್ಟಿನ ಜಿಪ್ಪನ್ನು ಗಂಟಲಿನವರೆಗೆ ಎಳೆದುಕೊಂಡ. ವಿನಿಯ ತೋಳಿಗೆ ತೋಳು ಕೊಟ್ಟು, ಅವಳ ಫ್ಲಾಸ್ಕನ್ನು ಕಂಕುಳಿಗೆ ಸೇರಿಸಿ, ಜನರ ನಡುವೆ ದಾರಿ ಮಾಡಿಕೊಂಡು ಬಸ್ಸಿನ ಕಡೆ ನಡೆದ.